ತೊಟ್ಟಿಯೊಳಗಿನ ಕ್ಷೌರಿಕ

ಮನೆ,
ಗುರುವಾರ ಬೆಳಿಗ್ಗೆ

ಪ್ರೀತಿಯ ಮಗನೇ,

ಹೇಗಿದ್ದೀಯ? ಹೊಸ ನಮೂನೆಯ ಹೇರ್‌ಕಟ್ ತರಬೇತಿಯಲ್ಲಿ ದಿನವಿಡೀ ನಿಂತೇ ಇರಬೇಕಂತಲ್ಲ, ರಾತ್ರಿ ಮಂಡಿಗೆ ಎಣ್ಣೆ ತಿಕ್ಕಿಕೋ. ಸೊಸೆ ಕ್ಷೇಮ. ನಾನೂ ಕ್ಷೇಮ, ಸಿಟ್ಟೊಂದನ್ನು ಬಿಟ್ಟರೆ.

ನಿನ್ನೆ ಫೋನಿನಲ್ಲಿ ನೀನು ಸೊಸೆಗೆ ಹೊರಡಿಸಿದ ರಾಜಾಜ್ಞೆ ನನ್ನ ಕಿವಿಗೂ ಬಿತ್ತು. "ಆ ಕ್ಲೀನರ್ ಮೀನು ಹಾಕಿದ್ದೇನೂ ತಿಂತಿಲ್ಲ, ಅದಕ್ಕಲ್ಲಿ ಕೆಲಸಾನೂ ಇಲ್ಲ, ಅಂಗಡಿಗೆ ವಾಪಸ್ ಕೊಟ್ಬಿಡು!" ಭಲೇ! ನಡುಮನೆಯಲ್ಲಿ ಗಾಜಿನ ತೊಟ್ಟಿ ಇಟ್ಟು ಸಮುದ್ರ ಕಟ್ಟಿಸಿದ ಮಹಾರಾಯನೇ, ಗಾಜಿನ ಪಾಚಿ ತಿಕ್ಕಲಿ ಅಂತ ಅದನ್ನು ತಂದವನು ನೀನು. ಅದು ಗಾಜು ಒರೆಸುವ ಆಳಲ್ಲವೋ, ನಮ್ಮ ಕಸುಬಿನದು! ಬೇರೆ ಮೀನುಗಳ ಮೈಮೇಲಿನ ಹುಳ, ಸತ್ತ ಚರ್ಮ ಕಿತ್ತು ತಿಂದು ಬದುಕುತ್ತದೆ. ಬಂಡೆಯ ಪಕ್ಕ ಅಂಗಡಿ ತೆರೆದು, ಮೈ ಕುಣಿಸಿ ಗಿರಾಕಿ ಕರೆಯುತ್ತದೆ. ಆ ಜಗಳಗಂಟಿ ಹಳದಿ ಮೀನೂ ಇದರ ಮುಂದೆ ಬಾಯಿ ಕಳೆದು, ರೆಕ್ಕೆ ಹರಡಿ, ಕುರ್ಚಿಯಲ್ಲಿ ತೂಕಡಿಸುವ ಗಿರಾಕಿಯ ಹಾಗೆ ನಿಂತುಬಿಡುತ್ತದೆ. ಆದರೆ ತೊಟ್ಟಿಯಲ್ಲಿರುವ ಗಿರಾಕಿಗಳೇ ಇಬ್ಬರು. ಇಬ್ಬರ ಮೈಯೂ ಈಗ ಲಕಲಕ. ಹೊಟ್ಟೆ ಬೆನ್ನಿಗೆ ಅಂಟಿದ್ದರೂ ಪಾಪದ್ದು, ಬೆಳಗಾದರೆ ಅಂಗಡಿ ತೆರೆಯುತ್ತದೆ. ಕೆಲಸ ಇಲ್ಲದ್ದು ಅದರ ತಪ್ಪೇನೋ?

"ಅಪ್ಪಾ, ಕೈ ನಡುಗುತ್ತೆ, ಇನ್ನು ಆರಾಮಾಗಿರು" ಅಂತ ನನ್ನ ಕತ್ತರಿಗಳನ್ನು ಬೀರುವಿಗೆ ಸೇರಿಸಿ ಬೀಗ ಜಡಿದಾಗಲೂ ನಿನ್ನ ದನಿ ಹೀಗೆಯೇ ಇತ್ತು. ಆರಾಮಾಗಿದ್ದು ಆರಾಮಾಗಿದ್ದು ನನಗೆ ಸೊಂಟ ಹಿಡಿದಿದೆ.

ಮೀನು ವಾಪಸ್ ಹೋಗುವುದಿಲ್ಲ. ಇವತ್ತು ಎದ್ದವನೇ ತೊಟ್ಟಿಯೊಳಗೆ ಕೈ ಇಳಿಬಿಟ್ಟೆ. ಎಂದಿನಂತೆ ನಡುಗುತ್ತಿತ್ತು. ಹಳದಿಯದು ಪರಾರಿ. ಕ್ಷೌರಿಕ ಮಾತ್ರ ಹತ್ತಿರ ಬಂದು, ಒಂದು ಸುತ್ತು ಹಾಕಿ, ಉಗುರಿನ ಪಕ್ಕದ ಸಿಪ್ಪೆಗೆ ಬಾಯಿ ಹಾಕಿತು. ಕೈ ಓಲಾಡಿದ ಹಾಗೆಲ್ಲ ತಾನೂ ಓಲಾಡುತ್ತ ಕೆಲಸ ಮುಂದುವರಿಸಿತು! ಆಮೇಲೆ ಬೆರಳ ತುದಿಗೆ ಸಿಗಡಿಯ ಚೂರು ಅಂಟಿಸಿಕೊಂಡೆ. ನೀರಿಗೆ ಎಸೆದರೆ ಮೂಸಿಯೂ ನೋಡದ್ದು, ಕೆಲಸವೆಂದುಕೊಂಡು ಪೂರ್ತಿ ತಿಂದಿತು.

ಊಟ ನಿದ್ದೆ ಸರಿಯಾಗಿ ನೋಡಿಕೋ. ನಿನ್ನ ಕತ್ತರಿ ಎಂದೂ ಮೊಂಡಾಗದಿರಲಿ.

ಇಂತಿ,
ನಿನ್ನ ನಿರುದ್ಯೋಗಿ ಅಪ್ಪ

ತಾ.ಕ.: ಮೇಲಿನ 'ನಿರುದ್ಯೋಗಿ'ಯನ್ನು ಹೊಡೆದುಹಾಕಿ ಓದಿಕೋ. ಬೀರುವಿನ ಬೀಗ ಒಡೆದಾಯಿತು. ಎದುರುಮನೆಯ ಮುದಿ ಮೇಷ್ಟ್ರು ಆಗಲೇ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಜಗಲಿಯಲ್ಲಿ ಕೂತಿದ್ದಾರೆ. ಅವರ ತಲೆ ಅಲ್ಲಾಡುವುದು ನಿನಗೂ ಗೊತ್ತಲ್ಲ. "ನಿನ್ನ ಕೈ, ನನ್ನ ತಲೆ, ಎರಡೂ ಒಂದೇ ತಾಳಕ್ಕೆ ಅಲ್ಲಾಡಿದ್ರೆ ಆಯ್ತಲ್ಲಯ್ಯಾ, ಬೇಗ ಬಾ" ಅಂತ ಕೂಗುತ್ತಿದ್ದಾರೆ. ಹೊರಟೆ.