ಜಿಪ್ ತೆರೆಯುವಷ್ಟರಲ್ಲಿ

ಮಾರ್ಚ್ ೪, ಮಂಗಳವಾರ

ಇವತ್ತೂ ಒಡೆದ ವಸ್ತುಗಳ ನಡುವೆ. ಒಂದು ಫ್ರಿಜ್, ಒಂದು ಟಿವಿ. ಮುರಿದದ್ದನ್ನು ನೋಡಿ ಬೆಲೆ ಕಟ್ಟುವುದು ವಿಮಾ ಕಚೇರಿಯಲ್ಲಿ ನನ್ನ ಕೆಲಸ. ಎಲ್ಲವೂ ತಾನಾಗಿಯೇ ಬಿದ್ದಿರುತ್ತದೆ. ಯಾರೂ ಬೀಳಿಸಿರುವುದಿಲ್ಲ.

ಸಂಜೆ ಹೆಂಡತಿಯ ಲ್ಯಾಪ್‌ಟಾಪ್‌ಗೆ ಕೇಸ್ ಕೊಳ್ಳಲು ಹೋದೆ. ಗಂಟಲಿನ ಆಪರೇಷನ್ ಆದ ಮೇಲೆ ಅವಳ ದನಿ ಇರುವುದು ಅದರಲ್ಲೇ. ಅವಳು ಟೈಪ್ ಮಾಡುತ್ತಾಳೆ, ಅದು ಮಾತಾಡುತ್ತದೆ. ಸೋಮವಾರದಿಂದ ಮತ್ತೆ ಶಾಲೆಯಲ್ಲಿ ಪಾಠ. ಒಂದು ವಾರ ನೋಡೋಣ ಎಂದಿದ್ದಾರಂತೆ ಹೆಡ್‌ಮಿಸ್. ಮಕ್ಕಳು ಹತೋಟಿಗೆ ಬಂದರೆ ತರಗತಿ. ಇಲ್ಲವಾದರೆ ಲೈಬ್ರರಿ.

"ಸಾರ್, ಇದನ್ನ ಮಹಡಿಯಿಂದ ಎಸೀರಿ, ಏನೂ ಆಗಲ್ಲ" ಎಂದ ಅಂಗಡಿಯವ.

"ಎಸೆಯೋಕೆ ತಗೋತಿಲ್ಲ."

ಅದನ್ನೇ ಕೊಂಡೆ. ದಪ್ಪ ಫೋಮ್, ಸುತ್ತ ಜಿಪ್, ಮೇಲೊಂದು ಕ್ಲಿಪ್. ಅವಳನ್ನು ಕೇಳುವ ಅಗತ್ಯ ಕಾಣಲಿಲ್ಲ.

ಮಾರ್ಚ್ ೫

ಕೈಯಲ್ಲಿ ತೂಗಿ ನೋಡಿದಳು. ಯಂತ್ರ ಹೇಳಿತು: "ನಾನಿದನ್ನ ಹೊರಬೇಕೋ, ಇದು ನನ್ನ ಹೊರುತ್ತೋ?"

ತಮಾಷೆಯನ್ನೂ ಸಿಟ್ಟನ್ನೂ ಅದು ಒಂದೇ ದನಿಯಲ್ಲಿ ಹೇಳುತ್ತದೆ. ನಗಬೇಕೋ ಬೇಡವೋ ತಿಳಿಯಲಿಲ್ಲ.

ಮಾರ್ಚ್ ೮, ಶನಿವಾರ

ಊಟಕ್ಕೆ ಅವಳಣ್ಣ ಬಂದಿದ್ದ. "ಸುಮ್ನೆ ಲೈಬ್ರರಿ ತಗೊಳ್ಳೇ. ಮಾತಿನ ಗೋಜೇ ಇರಲ್ಲ. ಏನಂತೀರಿ ಭಾವ?"

ಅವಳು ಕ್ಲಿಪ್ ತೆಗೆದಳು. ಜಿಪ್ ಎಳೆದಳು. ಮೂಲೆಯಲ್ಲಿ ಸಿಕ್ಕಿಕೊಂಡಿತು. ಬಿಡಿಸುವಷ್ಟರಲ್ಲಿ ಅಣ್ಣ ಲೈಬ್ರರಿಯಿಂದ ಪೆನ್ಷನ್ನಿಗೆ, ಪೆನ್ಷನ್ನಿಂದ ತನ್ನ ಮಂಡಿನೋವಿಗೆ ತಲುಪಿದ್ದ.

"ಆಗಲ್ಲ" ಎಂದಿತು ಯಂತ್ರ.

"ಅಯ್ಯೋ, ನನ್ನ ಮಂಡಿ ವಾಸಿನೇ ಆಗಲ್ವೇನೇ?"

ನಕ್ಕ. ನಾನೂ ನಕ್ಕೆ.

ಅವಳು ಮುಚ್ಚಿ ಜಿಪ್ ಹಾಕಿದಳು. ನಿಧಾನವಾಗಿ, ಕೊನೆಯವರೆಗೆ. ಆಮೇಲೆ ಇಡೀ ದಿನ ತೆಗೆಯಲಿಲ್ಲ.

ಮಾರ್ಚ್ ೯, ಬೆಳಗ್ಗೆ

ಬೀಳುವುದನ್ನಷ್ಟೇ ಯೋಚಿಸಿದ್ದೆ. ವೃತ್ತಿದೋಷ. ನಾಳೆ ಒಂದು ತರಗತಿ ಅವಳ ಜಿಪ್ಪಿಗಾಗಿ ಬಾಯಿ ಮುಚ್ಚಿಕೊಂಡು ಕಾಯುತ್ತದೆಯೇ?

ಮಧ್ಯಾಹ್ನ

ಇಬ್ಬರೂ ಅಂಗಡಿಗೆ. ಅವಳೇ ಆರಿಸಿದಳು — ಲ್ಯಾಪ್‌ಟಾಪಿನ ಮೈಗೆ ಅಂಟಿಕೊಂಡೇ ಇರುವ ತೆಳು ಚಿಪ್ಪು, ಹೆಗಲಿಗೆ ಪಟ್ಟಿ. ತೆರೆದರೆ ಎದೆಯ ಮುಂದೆ ತಟ್ಟೆಯ ಹಾಗೆ ನಿಲ್ಲುತ್ತದೆ. ನಡೆಯುತ್ತಲೇ ಟೈಪ್ ಮಾಡಬಹುದು.

"ಮೇಡಂ, ಇದು ಬರೀ ಶೋಕಿ. ಬಿದ್ರೆ ಉಳಿಯಲ್ಲ" ಎಂದ ಅಂಗಡಿಯವ. ನನಗೂ ಅದೇ ಭಯ. "ಬಿದ್ರೆ?" ಎಂದೆ.

"ಬಿದ್ರೆ ಬೆಲೆ ಕಟ್ಟೋಕೆ ನೀವಿದ್ದೀರಲ್ಲ" ಎಂದಿತು ಯಂತ್ರ, ತಕ್ಷಣ.

ಅಂಗಡಿಗೆಲ್ಲ ಕೇಳಿಸಿತು. ಯಾರದೋ ನಗು. ಅವಳ ಮುಖ ನೋಡಿದೆ. ತಮಾಷೆಯೇ; ನಗಬಹುದಿತ್ತು.

ಮಾರ್ಚ್ ೧೪, ಶುಕ್ರವಾರ, ಸಂಜೆ

ಇಷ್ಟು ದಿನ ಬರೆಯಲಿಲ್ಲ. ಕೇಳಿಸಿಕೊಳ್ಳುವುದೇ ಆಯಿತು.

ಮೊದಲ ದಿನವೇ ಹಿಂದಿನ ಬೆಂಚಿನವಳೊಬ್ಬಳು ಯಂತ್ರದ ದನಿಯನ್ನು ಅಣಕಿಸಿದಳಂತೆ. ನಗು ಹರಡುವ ಮೊದಲೇ ಇವಳ ಉತ್ತರ: "ಚೆನ್ನಾಗಿದೆ. ಇನ್ನು ಮೇಲೆ ಹಾಜರಿ ನೀನೇ ಕೂಗು." ಕೂಗುತ್ತಿದ್ದಾಳಂತೆ, ದಿನವೂ, ಅದೇ ದನಿಯಲ್ಲಿ. ಹೆಡ್‌ಮಿಸ್ ಇವತ್ತು ಬಾಗಿಲಲ್ಲಿ ನಿಂತು ನೋಡಿ, "ಮುಂದುವರಿಸಿ" ಎಂದರಂತೆ.

ಲ್ಯಾಪ್‌ಟಾಪಿನ ಒಂದು ಮೂಲೆ ನೆಗ್ಗಿದೆ, ಎಲ್ಲೋ ಬಿದ್ದಿರಬೇಕು. ಬೆರಳಾಡಿಸಿ ನೋಡಿದೆ. "ನೋಡು, ನಾನು ಮೊದಲೇ —" ಎಂದು ಶುರು ಮಾಡಿದ್ದೆ. ನಡುವೆ ಬಾಯಿ ಹಾಕಿದಳು. ಎಷ್ಟು ತಿಂಗಳಾಗಿತ್ತು, ಈ ಮನೆಯಲ್ಲಿ ಯಾರಾದರೂ ನನ್ನ ಮಾತನ್ನು ಅರ್ಧಕ್ಕೆ...

ಇಗೋ, ಒಳಗಿಂದ ಕರೆಯುತ್ತಿದ್ದಾಳೆ. ಇದನ್ನೂ ಮುಗಿಸಲು —