ಹತ್ತೊಂಬತ್ತು ಪರ್ಸೆಂಟಿನ ಪಾದ

ಕ್ಯಾತನಹಳ್ಳಿ
೧೯ ನವೆಂಬರ್ ೧೯೯೫

ಪ್ರೀತಿಯ ಮಹೇಕ್,

ಕೆ.ಆರ್. ಪೇಟೆಯಿಂದ ನೀನು ಬರೆದ ಎರಡು ಕಾಗದವೂ ತಲುಪಿವೆ. ಉತ್ತರಿಸದೆ ಎರಡು ತಿಂಗಳಾಯಿತು, ಕ್ಷಮಿಸು. ಬರೆಯಲಿಲ್ಲ ಎಂದಲ್ಲ, ಬರೆದು ಹರಿದೆ. ಹರಿದದ್ದರಲ್ಲಿ ಬರೀ ಬೈಗುಳವಿತ್ತು. ಇದನ್ನಾದರೂ ಕೊನೆಯವರೆಗೆ ಓದು.

"ಪಾಂಡವಪುರ ಬಸ್ ಸ್ಟ್ಯಾಂಡಿನಲ್ಲಿ ನಮ್ಮಬ್ಬನಿಗೆ ಏನಂದೆ ದಿವ್ಯಾ? ಅವರು ಅಲ್ಲಿ ಟೀ ಕುಡಿಯುವುದನ್ನೇ ಬಿಟ್ಟಿದ್ದಾರೆ" ಎಂದು ನೀನು ಕೇಳಿದ್ದೆ. ಮೊದಲಿನಿಂದ ಹೇಳುತ್ತೇನೆ.

ನಮ್ಮ ತಿಮ್ಮರಾಜಣ್ಣ ಮಿಲಿಟರಿಯಲ್ಲಿ ಒಂಬತ್ತು ವರ್ಷ ಇದ್ದ. ಚಪ್ಪಟೆ ಪಾದ, ನಡೆಯಲಾರ ಎಂದು ಮನೆಗೆ ಕಳಿಸಿದರು. ಕಳಿಸುವ ಮೊದಲು ಡಾಕ್ಟರುಗಳ ಬೋರ್ಡು ಎರಡು ಪ್ರಶ್ನೆ ಕೇಳಿಕೊಳ್ಳುತ್ತದಂತೆ: ಊನ ಎಷ್ಟು, ಅದು ಎಲ್ಲಿಂದ ಬಂತು. ಎರಡನೆಯದಕ್ಕೆ 'ಸೇವೆಯಿಂದ ಹೆಚ್ಚಾಯಿತು' ಎಂದು ಬರೆದರು. ಮೊದಲನೆಯದಕ್ಕೆ ಹತ್ತೊಂಬತ್ತು ಪರ್ಸೆಂಟ್. ಇಪ್ಪತ್ತಿದ್ದರೆ ಜೀವನಪೂರ್ತಿ ಪಿಂಚಣಿ. ಹತ್ತೊಂಬತ್ತಕ್ಕೆ ಏನೂ ಇಲ್ಲ.

"ಅದೆಂಗಣ್ಣಾ ಅಳೆದ್ರು?" ಎಂದು ಕೇಳಿದೆ.

"ಬೆರಳ ತುದೀಲಿ ನಿಂತ್ಕೊ ಅಂದ್ರು, ನಿಂತ್ಕಂಡೆ. ಆಗ ಪಾದದಲ್ಲಿ ಕಮಾನು ಬತ್ತದೆ ಅಂತ ಬರ್ಕಂಡ್ರು. ಹಿಮ್ಮಡಿ ಸೊಟ್ಟ ಆಗದಾ ನೋಡುದ್ರು. ಬೂಟಿನೊಳಗೆ ಮೆತ್ತೆ ಆಕಂಡ್ರೆ ನೋವು ಕಮ್ಮಿಯಾ ಅಂದ್ರು. ಒಸಿ ಕಮ್ಮಿ ಸಾ ಅಂದೆ. ಮೂಟೆ ಒರ್ಸಿ ಬೆಟ್ಟ ಅತ್ಸಿದ್ರೆ ಗೊತ್ತಾಗದು ಅವರ್ಗೆ."

ಸತ್ಯ ಹೇಳಿದ ಬಾಯಿಗೆ ಒಂದು ಪರ್ಸೆಂಟ್ ಕಡಿತ! ಮಧ್ಯಾಹ್ನದ ಮೇಲೆ ಕಬ್ಬಿನ ಗದ್ದೆಯಲ್ಲಿ ನಿಲ್ಲಲಾರದವನನ್ನು ಇಪ್ಪತ್ತರ ಬಾಗಿಲಲ್ಲೇ ತಡೆದವರು ಯಾರು? ಲೆಕ್ಕ ತಪ್ಪಿ ಬಂದ ಹತ್ತೊಂಬತ್ತಲ್ಲ ಅದು, ಬೇಕೆಂದೇ ಇಟ್ಟದ್ದು ಎಂದು ಆಗಲೂ ಅಂದುಕೊಂಡೆ, ಈಗಲೂ ಅಂದುಕೊಳ್ಳುತ್ತೇನೆ.

ಮರುಪರೀಕ್ಷೆ ಬೇಕೆಂದು ಮೇ ತಿಂಗಳಲ್ಲಿ ಅರ್ಜಿ ಬರೆದುಕೊಟ್ಟವರು ನಿನ್ನ ಅಬ್ಬ. ಹವಾಲ್ದಾರ್ ಆಗಿದ್ದವರು, ಎಲ್ಲ ಮಾಜಿ ಸೈನಿಕರಿಗೂ ಬರೆದುಕೊಡುವವರು. ಅದರಲ್ಲಿದ್ದದ್ದು ಎರಡೇ ಪುಟ. ನಾನು ಓದಿದ ಹಕ್ಕುಗಳ ಪುಸ್ತಿಕೆಯ ಒಂದು ಮಾತೂ ಇಲ್ಲ. "ಇಷ್ಟು ಮೆತ್ತಗೆ ಕೇಳಿದರೆ ಯಾರು ಕೊಡುತ್ತಾರೆ?" ಎಂದೆ. "ಕಮ್ಮಿ ಬರೀಬೇಕು ಬೇಟಿ. ಸೇರೋವಾಗ ಡಾಕ್ಟ್ರು ಪಾದದ ಬಗ್ಗೆ ಏನೂ ಬರೆದಿಲ್ಲ. ಬರೀದೇ ಇರೋ ಕಾಯಿಲೆ ಸರ್ವೀಸ್‌ನಾಗೆ ಬಂತು ಅಂತ್ಲೇ ಸಾಮಾನ್ಯವಾಗಿ ಲೆಕ್ಕ. ಅಷ್ಟೇ ನಮ್ ಬಲ" ಎಂದರು.

ಆಗಸ್ಟಿನಲ್ಲಿ ಮರುಪರೀಕ್ಷೆಗೆ ಕರೆ ಬಂತು. ಅಣ್ಣ ಹೋಗಿಬಂದ. ಮೂರೇ ವಾರಕ್ಕೆ ಉತ್ತರ: 'ಊನವು ಸೇರುವ ಮೊದಲೇ ಇತ್ತು, ಸೇವೆಗೆ ಸಂಬಂಧವಿಲ್ಲ.' ಮೊದಲ ಬೋರ್ಡು ಒಪ್ಪಿದ್ದ 'ಸೇವೆಯಿಂದ ಹೆಚ್ಚಾಯಿತು' ಎಂಬುದೂ ಹೋಯಿತು!

ಮೊದಲ ಬೋರ್ಡಿಗೆ ಕಾಣದ್ದು ಎರಡನೆಯದಕ್ಕೆ ಕಾಣಬೇಕಾದರೆ ಯಾರೋ ತೋರಿಸಿರಬೇಕು. ಯಾರು? ಅರ್ಜಿಯನ್ನು ಪಾಂಡವಪುರದ ಅಂಚೆ ಬಿಟ್ಟು ಶ್ರೀರಂಗಪಟ್ಟಣದ ಅಂಚೆಗೆ ತಾವೇ ಒಯ್ದು ಹಾಕಿದವರು ನಿನ್ನ ಅಬ್ಬ. ಅಣ್ಣ ಮರುಪರೀಕ್ಷೆ ಮುಗಿಸಿ ಬಂದ ದಿನ ಇಬ್ಬರೂ ಆಲೆಮನೆಯ ಹಿಂದೆ ಕೂತು ಪಿಸುಗುಡುತ್ತಿದ್ದರು, ನನ್ನನ್ನು ಕಂಡು ಮಾತು ನಿಲ್ಲಿಸಿದರು. ಬಸ್ ಸ್ಟ್ಯಾಂಡಿನ ಹೋಟೆಲ್ ಜವರಯ್ಯ ಬೇರೆ ಎಣ್ಣೆ ಸುರಿದ: "ಸಾಬ್ರ ಕೇಳ್ದಿರೋ ಒಂದು ಕಿವಿಗೆ ಮಿಲಿಟರಿಯೋರು ಕೊಟ್ಟಿದ್ದು ಮೂವತ್ತು ಪರ್ಸೆಂಟು, ನಿಮ್ಮಣ್ಣನ ಎರಡು ಕಾಲ್ಗೂ ಸೇರಿ ಸೊನ್ನೆ. ನೀನೇ ಓದ್ಕಂಡೋಳು ಕಣವ್ವ, ನಾನೇನ್ ಏಳ್ಲಿ."

ಅಣ್ಣನನ್ನು ಕೇಳಿದರೆ, "ಯಾರ್ನೂ ಅನ್ಬ್ಯಾಡ ಕಣವ್ವ, ಬುಟ್ಬುಡು" ಎಂದ. ನನಗೆ ಅನುಮಾನ ಇನ್ನೂ ಗಟ್ಟಿಯಾಯಿತು.

ಮರುದಿನವೇ ಜವರಯ್ಯನ ಹೋಟೆಲಿನ ಮುಂದೆ, ಇಪ್ಪತ್ತು ಜನರೆದುರು ಕೂಗಿದೆ: "ನಮ್ಮಣ್ಣನ ಪಾದ ಎಷ್ಟಕ್ಕೆ ಮಾರುದ್ರಿ ಸಾಬ್ರೇ?"

ನಿನ್ನ ಅಬ್ಬ ಕೇಳದ ಕಿವಿಯನ್ನು ನನ್ನ ಕಡೆ ಮಾಡಬಹುದಿತ್ತು. ಕೇಳುವ ಕಿವಿಯನ್ನೇ ತಿರುಗಿಸಿ ನಾನಂದದ್ದನ್ನೆಲ್ಲ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಟೀ ಲೋಟ ಕೆಳಗಿಟ್ಟು, "ಬಿಸ್ಲು ಜಾಸ್ತಿ ಅದೆ ಬೇಟಿ. ನಿಮ್ಮೂರ್ ಬಸ್ಸು ಬಂತು ನೋಡು, ಹೋಗು" ಎಂದರು. ತಪ್ಪಿಲ್ಲದವರಾದರೆ ಜಗಳಕ್ಕೆ ಬರುತ್ತಿದ್ದರು, ಸುಮ್ಮನಿರುವುದೇ ಒಪ್ಪಿಗೆ ಎಂದು ಬಸ್ಸು ಹತ್ತಿದೆ.

ಸಾಕ್ಷಿ ಹಿಡಿದು ಪತ್ರಿಕೆಗೆ ಬರೆಯಬೇಕೆಂದು ಹೋದ ಸೋಮವಾರ ಅಣ್ಣನ ಕಾಗದಗಳ ಪ್ರತಿ ಇರುವ ಮಾಜಿ ಸೈನಿಕರ ಕಚೇರಿಗೆ ಹೋದೆ. ಗುಮಾಸ್ತ ಮಂಚಯ್ಯ ಫೈಲು ತಳ್ಳಿ, "ಎಲ್ಲಾನೂ ಓದಮ್ಮ, ಅರ್ಧ ಓದಿ ನನ್ ಮ್ಯಾಲೆ ಕೂಗ್ಬ್ಯಾಡ" ಎಂದ. ಎಲ್ಲವನ್ನೂ ಓದಿದೆ.

ಮಹೇಕ್, ನಿನ್ನ ಅಬ್ಬ ಏನೂ ಮಾಡಿಲ್ಲ. ಬರುವ ಭಾನುವಾರ ಅದೇ ಹೋಟೆಲಿನ ಮುಂದೆ, ಅಷ್ಟೇ ದೊಡ್ಡ ದನಿಯಲ್ಲಿ ತಪ್ಪೊಪ್ಪಿಕೊಳ್ಳುತ್ತೇನೆ. ಅವರನ್ನು ಅಲ್ಲಿಗೆ ಬರಮಾಡು. ನನ್ನ ಮಾತಿಗೆ ಬರುವುದಿಲ್ಲ, ನಿನ್ನ ಮಾತಿಗೆ ಬಂದಾರು. ನಿನ್ನ ಕೂಸಿಗೆ ನೂರು ವರ್ಷ ಆಯುಸ್ಸಾಗಲಿ, ನಿನ್ನ ಮನೆ ತಣ್ಣಗಿರಲಿ.

ಇಂತಿ ನಿನ್ನ,
ದಿವ್ಯ

ಮರೆತೆ ಎನ್ನಲಾರೆ, ಮೇಲೆ ಬರೆಯಲು ಕೈ ಬರಲಿಲ್ಲ: ಫೈಲಿನಲ್ಲಿ ನಿನ್ನ ಅಬ್ಬನ ಎರಡು ಪುಟದ ಕೆಳಗೆ ನನ್ನ ಏಳು ಪುಟಗಳಿದ್ದವು. ಜೂನ್‌ನಲ್ಲಿ ಯಾರಿಗೂ ಹೇಳದೆ ನಾನೇ ರಿಜಿಸ್ಟರ್ ಮಾಡಿದ್ದು. ಮರುಪರೀಕ್ಷೆಗೆ ಕರೆದದ್ದೇ ಅದರಿಂದ ಎಂದು ಒಳಗೊಳಗೇ ಬೀಗಿದ್ದೆ. ಒಂದು ಸಾಲಿಗೆ ಕೆಂಪು ಗೆರೆ ಎಳೆದಿದ್ದರು: 'ಹುಡುಗನಾಗಿದ್ದಾಗಲೇ ಆಲೆಮನೆಯ ಬೂದಿಯ ಮೇಲೆ ನನ್ನಣ್ಣನ ಪಾದ ಹಲಗೆಯಂತೆ ಪೂರ್ತಿ ಮೂಡುತ್ತಿತ್ತು. ಬಡವನ ಮಗನನ್ನು ಸೇರಿಸಿಕೊಳ್ಳುವಾಗ ನಿಮ್ಮ ಡಾಕ್ಟರುಗಳು ಕುರುಡರಾಗಿದ್ದರೇ?' ಬೋರ್ಡಿನವರು ಅದನ್ನು ಅಣ್ಣನಿಗೆ ತೋರಿಸಿ ನಿಜವೇ ಎಂದು ಕೇಳಿದ್ದಾರೆ. ಸುಳ್ಳು ಎಂದಿದ್ದರೆ ಸಾಕಿತ್ತು. ಅವನ ಉತ್ತರ ಬರೆದುಕೊಂಡು ಸಹಿ ಹಾಕಿಸಿಕೊಂಡಿದ್ದಾರೆ: 'ಇದು ನನ್ನ ತಂಗಿಯ ಕೈಬರಹ. ಅವಳು ಸುಳ್ಳು ಬರೆಯುವವಳಲ್ಲ.' ಇದನ್ನು ನನಗೆ ಹೇಳಬಾರದೆಂದು ಅವನು ನಿನ್ನ ಅಬ್ಬನಿಂದ ಮಾತು ತೆಗೆದುಕೊಂಡಿರಬೇಕು. ನಾನು ಫೈಲು ನೋಡಿದೆನೆಂದು ಅವನಿಗಿನ್ನೂ ಗೊತ್ತಿಲ್ಲ.