ಮೂರನೆಯ ಸಹಿ

ಸನ್ನಿವೇಲ್
೨೯ ಜುಲೈ ೨೦೦೧, ಭಾನುವಾರ

ಪ್ರೀತಿಯ ಅಕ್ಕ ಅಂಬವ್ವನಿಗೆ ನಿನ್ನ ತಂಗಿ ಈರವ್ವನ ಶರಣು ಶರಣಾರ್ಥಿ.

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಬೈದಿರುತ್ತೀ, ಬೈದುಬಿಡು. ಇಲ್ಲಿ ಎಲ್ಲರೂ ಆರಾಮ. ಶೀತಲ್ ಕಾಲೇಜಿಗೆ ಹೋಗುತ್ತಾಳೆ, ನಮ್ಮ ಮನೆಯವರು ಏರ್‌ಪೋರ್ಟಿಗೆ ವ್ಯಾನು ಓಡಿಸುತ್ತಾರೆ. ನಿನ್ನ ಹಲ್ಲುನೋವು ಹೇಗಿದೆ? ಉಳಿದ ಹಲ್ಲನ್ನೂ ಕೀಳಬೇಕು ಎಂದು ಡಾಕ್ಟರು ಹೇಳಿದ್ದಾಗಿ ನೀನು ಬರೆದಿದ್ದೆ. ಕೀಳಿಸಿಕೋ, ಹೆದರಬೇಡ. ಯಾಕೆಂದು ಮುಂದೆ ಹೇಳುತ್ತೇನೆ.

ಅಣ್ಣ ನಿನಗೆ ಫೋನ್ ಮಾಡಿ ನನ್ನ ಮೇಲೆ ದೂರು ಹೇಳಿರಬೇಕು. "ಈರವ್ವ ನನ್ನ ಮರ್ಯಾದಿ ಕಳದ್ಲು" ಅಂತ ತಾನೆ? ಈಗ ನನ್ನ ಮಾತನ್ನೂ ಕೇಳು.

ನಮ್ಮ ಫ್ಯಾಕ್ಟರಿ ಮೇ ತಿಂಗಳಲ್ಲಿ ಮುಚ್ಚಿತು. ನಾನು ಕಂಪ್ಯೂಟರ್ ಕಂಪನಿಯಲ್ಲಿದ್ದೇನೆಂದು ನೀವು ಊರೆಲ್ಲ ಹೇಳಿಕೊಂಡಿರಲ್ಲ, ಅಲ್ಲಿ ನನ್ನ ಕೆಲಸ ಹಸಿರು ಸರ್ಕಿಟ್ ಬೋರ್ಡುಗಳಿಗೆ ಎಳ್ಳಿನಷ್ಟು ಸಣ್ಣ ಭಾಗಗಳನ್ನು ಬೆಸುಗೆ ಹಾಕುವುದು. ಅಣ್ಣ ದೇವೇಂದ್ರಪ್ಪ ಅದೇ ಕಂಪನಿಯ ದೊಡ್ಡ ಮ್ಯಾನೇಜರು, ನನ್ನನ್ನು ಕೆಲಸಕ್ಕೆ ಸೇರಿಸಿದವನೂ ಅವನೇ. ಆ ಉಪಕಾರ ಮರೆತಿಲ್ಲ. ಆದರೆ ಮುಚ್ಚುವಾಗ ಕಂಪನಿ ಹೇಳಿದ್ದೇನು? ಡಾಟ್‌ಕಾಮ್ ಮಂದಿ ಮುಳುಗಿದರು, ಬೋರ್ಡು ಕೊಳ್ಳುವವರಿಲ್ಲ ಅಂತ. ಸುಳ್ಳು, ಅಕ್ಕಾ! ಕಡೆಯ ತಿಂಗಳು ನಮ್ಮನ್ನು ಬೆಸುಗೆ ಬಿಡಿಸಿ ಪ್ಯಾಕಿಂಗಿಗೆ ಹಾಕಿದ್ದರು. ಹೊರದೇಶದಿಂದ ಬಂದ ಪೆಟ್ಟಿಗೆ ಬಿಚ್ಚಿದರೆ ನಾವು ಮಾಡುತ್ತಿದ್ದ ಅದೇ ಬೋರ್ಡು. ಅದರ ಮೇಲೆ ನಮ್ಮ ಕಂಪನಿಯ ಚೀಟಿ ಅಂಟಿಸಿದವಳು ನಾನೇ.

ಹೀಗೆ ಹೊರದೇಶದ ಮಾಲು ಬಂದು ಕೆಲಸ ಹೋದವರಿಗೆ ಇಲ್ಲಿನ ಸರ್ಕಾರ ಬೇರೆ ಕಸುಬು ಕಲಿಸುತ್ತದೆ, ಕಲಿಯುವಾಗ ಊಟಕ್ಕೂ ದಾರಿ ಮಾಡುತ್ತದೆ. ಆದರೆ ತಾನಾಗಿ ಬಾಗಿಲಿಗೆ ಬರುವುದಿಲ್ಲ. ಕೆಲಸ ಕಳೆದುಕೊಂಡವರಲ್ಲಿ ಮೂವರು ಸಹಿ ಹಾಕಿ ಅರ್ಜಿ ಕೊಡಬೇಕು. ಗೆದ್ದರೆ ನಮ್ಮ ಫ್ಯಾಕ್ಟರಿಯ ಎಲ್ಲರಿಗೂ ಸಿಗುತ್ತದೆ. ನನ್ನ ಪಕ್ಕದ ಮೇಜಿನ ವಿಯೆಟ್ನಾಮಿನ ಲಾನ್ ಸಹಿ ಹಾಕಿದಳು, ಮೆಕ್ಸಿಕೋದ ರೋಸಾ ಹಾಕಿದಳು. ಉಳಿದವರು ಕಂಪನಿ ಸಿಟ್ಟಾದರೆ ಮುಂದೆ ಯಾರೂ ಕೆಲಸ ಕೊಡಲಿಕ್ಕಿಲ್ಲ ಎಂದು ಹೆದರಿ ಹಿಂದೆ ಸರಿದರು. ಮೂರನೆಯವಳು ನಾನೇ ಆಗಬೇಕಾಯಿತು.

ಅಣ್ಣನಿಗೆ ಹೇಗೋ ತಿಳಿಯಿತು. ಫಾಸ್ಟರ್ ಸಿಟಿಯಿಂದ ಧಾವಿಸಿ ಬಂದ. ಕೊಟ್ಟ ಚಹಾ ಮುಟ್ಟಲಿಲ್ಲ.

"ನನ್ನ ತಂಗಿ ಸರ್ಕಾರದ ಮುಂದ ಕೈ ಒಡ್ಡತಾಳಂದ್ರ ಕನ್ನಡ ಕೂಟದಾಗ ಹೆಂಗ ತಲಿ ಎತ್ತಲಿ? ಕಾಯಕ ಮಾಡಿ ಉಣ್ಣೋ ಮಂದಿ ನಾವು!"

"ಆ ಕಾಯಕ ಕಸಗೊಂಡಾವ್ರು ಯಾರಣ್ಣಾ?" ಎಂದೆ. "ಮಠದಾಗ ಪಂಗ್ತಿಗೆ ಕುಂತು ದಾಸೋಹ ಉಂಡಾಗ ಅದನ್ನ ಭಿಕ್ಷಾ ಅಂದೀಯೇನು? ಇವತ್ತ ಉಂಡಾವ್ರು ನಾಳೆ ರೊಟ್ಟಿ ಬಡೀತಾರ. ಇಷ್ಟು ವರ್ಷ ನನ್ನ ಪಗಾರದಾಗೂ ಟ್ಯಾಕ್ಸು ಹಿಡದಾರ. ಈ ಪಂಗ್ತಿಯಾಗ ನನ್ನ ಹಿಟ್ಟೂ ಐತಿ."

ಅಣ್ಣ ದನಿ ತಗ್ಗಿಸಿದ. "ನೀ ಸಹಿ ಹಾಕಿದ್ರ ನನ್ನ ಕಂಪನಿ ಸುಳ್ಳು ಹೇಳೇತಿ ಅಂದಂಗ ಆಕ್ಕೈತಿ, ತಂಗಿ. ಬ್ಯಾಡ. ನಮ್ಮನಿಗೆ ಬಾ, ಅಡಗಿ ನೋಡ್ಕೋ. ಏನು ಬೇಕೋ ನಾ ಕೊಡ್ತೀನಿ."

ನೋಡಕ್ಕಾ! ಸರ್ಕಾರ ಕೊಟ್ಟರೆ ಭಿಕ್ಷೆಯಂತೆ, ಇವನ ಅಡುಗೆಮನೆಯಲ್ಲಿ ಕೈಯೊಡ್ಡಿದರೆ ಮರ್ಯಾದೆಯಂತೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಮುಡಿಯುವವಳು ನಾನಲ್ಲ. ಅವನ ಎದುರಿಗೇ ಸಹಿ ಹಾಕಿದೆ, ಅದೂ ಕನ್ನಡದಲ್ಲಿ. ಚಿಕ್ಕಂದಿನಲ್ಲಿ ಪಾಟಿಯ ಮೇಲೆ ಅವನೇ ಕೈಹಿಡಿದು ತಿದ್ದಿಸಿದ ಅಕ್ಷರಗಳು. ಅವನು ಕಾರಿನ ಕೀ ಎತ್ತಿಕೊಂಡು ಹೊರಟುಹೋದ. ಶೀತಲ್ ಮಾತ್ರ "ಮಮ್ಮಿ, ಯು ಡಿಡ್ ಇಟ್!" ಎಂದು ನನ್ನನ್ನು ಅಪ್ಪಿಕೊಂಡಳು.

ಅರ್ಜಿ ಹೋಗಿದೆ. ಸರ್ಕಾರದ ಅಧಿಕಾರಿಯೊಬ್ಬರು ಫೋನ್ ಮಾಡಿ ಆ ಪೆಟ್ಟಿಗೆಗಳ ಬಗ್ಗೆ ಕೇಳಿದರು. ಕಂಡದ್ದನ್ನು ಕಂಡಂತೆ ಹೇಳಿದೆ. ತೀರ್ಮಾನ ಇನ್ನೂ ಬಂದಿಲ್ಲ. ನಮ್ಮ ಕಡೆ ಆದರೆ ಕಟ್ಟುಹಲ್ಲು ಮಾಡುವ ಕಸುಬು ಕಲಿಯುತ್ತೇನೆ. ನಗಬೇಡ! ಸಣ್ಣ ಕೆಲಸಕ್ಕೆ ಪಳಗಿದ ಕೈ ಇದು. ಮೊದಲ ಸೆಟ್ಟು ನಿನಗೇ, ಚಕ್ಕಲಿ ಕಟಕಟ ಕಡಿಯಬೇಕು ನೀನು. ನಮ್ಮ ಕಡೆ ಆಗದಿದ್ದರೆ? ಮತ್ತೆ ಬರೆಯುತ್ತೇನೆ, ಮತ್ತೆ ಸಹಿ ಹಾಕುತ್ತೇನೆ. ಈರವ್ವ ಅಣ್ಣನ ಮುಂದೆ ಅತ್ತಳೆಂದು ಯಾರಾದರೂ ಹೇಳಿದರೆ ನಂಬಬೇಡ.

ಭಾವನವರಿಗೆ ಶರಣು ತಿಳಿಸು. ಮಕ್ಕಳು ಮೊಮ್ಮಕ್ಕಳಿಗೆಲ್ಲ ಆಶೀರ್ವಾದ. ಬಸವಣ್ಣ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ಈರವ್ವ

ತಾ.ಕ.: ಬುಧವಾರ ನಾಗರ ಪಂಚಮಿ ಆಯಿತು. ನಾನು ಈ ದೇಶಕ್ಕೆ ಬಂದಾಗಿನಿಂದ ಅಣ್ಣ ಒಂದು ವರ್ಷವೂ ತಪ್ಪಿಸಿರಲಿಲ್ಲ. ಹಿಂದಿನ ದಿನ ಆಫೀಸು ಮುಗಿಸಿ ನೇರ ಇಲ್ಲಿಗೆ ಬಂದು, "ನಡಿ ತಂಗೀ, ತವರಿಗೆ" ಎಂದು ಕರೆದೊಯ್ಯುತ್ತಿದ್ದ. ಈ ಸಲವೂ ಅವನಿಗೆ ಸೇರುವ ಎಳ್ಳುಂಡಿ ಕಟ್ಟಿದೆ, ಸೀರೆ ಮಡಚಿ ಬ್ಯಾಗಿನಲ್ಲಿಟ್ಟುಕೊಂಡು ಕುಳಿತೆ. ಅಪಾರ್ಟ್‌ಮೆಂಟಿನ ಕೆಳಗೆ ಕಾರು ನಿಂತ ಸದ್ದಾದಾಗಲೆಲ್ಲ ಕಿಟಕಿಗೆ ಹೋದೆ. ಅವನು ಬರಲಿಲ್ಲ, ಅಕ್ಕಾ. ಬ್ಯಾಗು ಇನ್ನೂ ಬಿಚ್ಚಿಲ್ಲ. ನೀನಾಗಿ ಅವನಿಗೆ ಏನೂ ಹೇಳಬೇಡ. ಅವನೇ ಫೋನ್ ಮಾಡಿದರೆ, ಉಂಡಿ ಡಬ್ಬಿಯಲ್ಲಿ ಹಾಗೇ ಇದೆ ಎನ್ನು. ಸಹಿ ಹಿಂದಕ್ಕೆ ತೊಗೊಳ್ಳುವುದಿಲ್ಲ ಎಂದೂ ಹೇಳು.